ಅಂಚಿನ ಏಳು ಗಂಟು

ವಸ್ತುಸಂಗ್ರಹಾಲಯದ ಹಿಂಬದಿಯಲ್ಲಿ, ನೋಡಲು ಬಂದವರು ಯಾರೂ ಕಾಲಿಡದ ಉದ್ದನೆಯ ಕೋಣೆಯಲ್ಲಿ, ಹನ್ನೊಂದು ವರ್ಷದಿಂದ ಹಳೆಯ ಬಟ್ಟೆಗಳ ದುರಸ್ತಿ ಮಾಡುತ್ತಿದ್ದವಳನ್ನು ಎಲ್ಲರೂ ಸೂಜಿಯಕ್ಕ ಎನ್ನುತ್ತಿದ್ದರು. ನಿರ್ದೇಶಕಿಯಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವಳು ಅಕ್ಕನೇ. ಹುಳ ತಿಂದ ರೇಷ್ಮೆಯಾಗಲಿ, ಇಲಿ ಕಡಿದ ಉಣ್ಣೆಯಾಗಲಿ, ಅವಳ ಕೈಗೆ ಬಂದು ಹೋದರೆ ತೂತು ಎಲ್ಲಿತ್ತು ಎಂದು ಹುಡುಕಲು ಭೂತಗನ್ನಡಿಯೇ ಬೇಕು. ಇಷ್ಟು ಚುರುಕಿನ ಹೆಂಗಸು ಒಂದೇ ಒಂದು ಕೆಲಸವನ್ನು ಮಾತ್ರ ಹನ್ನೊಂದು ವರ್ಷದಿಂದ ಮುಂದಕ್ಕೆ ತಳ್ಳುತ್ತ ಬಂದಿದ್ದಳು.

ಕೋಣೆಯ ದಪ್ಪ ದಾಖಲೆ ಪುಸ್ತಕದಲ್ಲಿ ಪ್ರತಿ ವಸ್ತುವಿಗೂ ಒಂದು ಸಾಲು. ಯಾವ ವಸ್ತು, ಯಾವ ಜನರದು, ಏನು ದೋಷ, ಏನು ದುರಸ್ತಿ. ಇಪ್ಪತ್ತನಾಲ್ಕು ಉಣ್ಣೆಯ ಹೊದಿಕೆಗಳ ಮುಂದೆ ‘ಜನ’ ಎಂಬಲ್ಲಿ ‘ಆಚೆಯವರು’ ಎಂದಿತ್ತು. ಒಂದರ ‘ದೋಷ’ ಎಂಬಲ್ಲಿ, ಹಳೆಯ ಗುಮಾಸ್ತನೊಬ್ಬನ ಮುದ್ದಾದ ಅಕ್ಷರದಲ್ಲಿ, ‘ಅಂಚಿನಲ್ಲಿ ಏಳು ಗಂಟು, ಮೂರನೆಯದು ದಪ್ಪ, ಬಿಚ್ಚಬೇಕು’ ಎಂದಿತ್ತು. ಇನ್ನೊಂದರಲ್ಲಿ ಐದನೆಯದು ದಪ್ಪ, ಮತ್ತೊಂದರಲ್ಲಿ ಮೊದಲನೆಯದು. ಇಪ್ಪತ್ಮೂರು ಸಾಲುಗಳ ಮುಂದೆ ಸೂಜಿಯಕ್ಕ ‘ಬಾಕಿ’ ಎಂದು ಬರೆದು, ಹೊದಿಕೆಗಳನ್ನು ಬೀರುವಿನ ತಳಕ್ಕೆ ತುರುಕಿಬಿಟ್ಟಿದ್ದಳು. ಇಪ್ಪತ್ತನಾಲ್ಕನೆಯದನ್ನು ಅವಳು ಕೆಲಸಕ್ಕೆ ಸೇರುವ ಮೊದಲೇ ಯಾರೋ ಬಿಚ್ಚಿ, ಗಂಟಿನ ವಿವರ ಬರೆಯದೆ ‘ದೋಷ ಸರಿಪಡಿಸಲಾಗಿದೆ’ ಎಂದಷ್ಟೇ ಬರೆದು ಸಹಿ ಹಾಕಿ ಹೋಗಿದ್ದರು.

ಆ ಗಂಟುಗಳು ಏನೆಂದು ಇಡೀ ಕಟ್ಟಡದಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೆ. ಯಾಕೆಂದರೆ ಅವಳೂ ಆ ‘ಆಚೆಯವರಲ್ಲಿ’ ಒಬ್ಬಳು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಶಾಲೆಯಲ್ಲಿ ‘ಏ ಆಚೆಯವಳೇ, ಆಚೆಗೆ ಕೂತ್ಕೋ’ ಎಂದು ಹಿಂದಿನ ಬೆಂಚಿಗೆ ಅಟ್ಟಿಸಿಕೊಂಡವಳು ದೊಡ್ಡವಳಾದ ಮೇಲೆ ಬಾಯಿಗೆ ಬೀಗ ಹಾಕಿಕೊಂಡರೆ ಅದರಲ್ಲಿ ಆಶ್ಚರ್ಯವೇನು?

ಮಂಗಳವಾರ ಬೆಳಿಗ್ಗೆ ನಿರ್ದೇಶಕಿ ಕೋಣೆಗೆ ಬಂದರು.

“ಅಕ್ಕಾ, ಸೋಮವಾರ ಹೊಸ ಸಭಾಂಗಣ ತೆರೀತಾ ಇದೀವಿ. ಆಚೆಯವರ ಹೊದಿಕೆ ಎಲ್ಲಾ ಗೋಡೆಗೆ ಹೋಗ್ಬೇಕು. ಆ ಗಂಟುಗಳನ್ನ ಶುಕ್ರವಾರದೊಳಗೆ ಬಿಚ್ಚಿ ಅಂಚು ನೀಟಾಗಿ ಮಾಡ್ಬಿಡಿ.”

“ಆಯ್ತು ಮೇಡಂ,” ಎಂದಳು ಸೂಜಿಯಕ್ಕ. ಅವರು ಅತ್ತ ಹೋದದ್ದೇ ತಡ, ತನ್ನ ನಾಲಿಗೆಗೆ ತಾನೇ ಶಾಪ ಹಾಕಿಕೊಂಡಳು. ಕತ್ತರಿ ಕೈಗೆತ್ತಿಕೊಂಡಳು, ಮತ್ತೆ ಡಬ್ಬಿಗೆ ಹಾಕಿ ಮುಚ್ಚಿಬಿಟ್ಟಳು.

ಸಂಜೆ ಮನೆಗೆ ಹೋಗಿ ದೊಡ್ಡಮ್ಮನ ಮುಂದೆ ಕೂತು ನಡೆದದ್ದನ್ನು ಹೇಳಿದಳು. ಅವ್ವ ಹೋದ ಮೇಲೆ ಅವಳನ್ನು ಸಾಕಿದ್ದು ಈ ದೊಡ್ಡಮ್ಮನೇ. ಎಂಬತ್ತು ದಾಟಿದ ಮುದುಕಿ. ಕಣ್ಣು ಮಂಜಾದರೂ ಬಾಯಿ ಮಾತ್ರ ಸ್ವಲ್ಪವೂ ಮೊಂಡಾಗಿರಲಿಲ್ಲ.

“ಬಿಚ್ಚು ಅಂದ್ರಾ? ನೀನು ಹೂಂ ಅಂದ್ಯಾ?”

“ಅಂದುಬಿಟ್ಟೆ ದೊಡ್ಡಮ್ಮ.”

“ಭೇಷ್! ನಾವು ಏಳು ಮನೆಯವರು ಹೊಳೆ ದಂಡೇಲಿ ಏಳು ಒಲೆ ಹಚ್ಚಿ ಊರು ಮಾಡ್ದೋರು. ಏಳೊಲೆಯವರು ಅಂತ ನಮ್ಮ ಹೆಸರು. ಓದು ಬರಹ ಬರ್ದೇ ಇದ್ರೂ ನೇಯ್ದಿದ್ದಕ್ಕೆಲ್ಲ ಏಳು ಗಂಟು ಹಾಕಿ, ನಮ್ಮ ಒಲೆ ಎಷ್ಟನೇದೋ ಅದನ್ನ ದಪ್ಪ ಮಾಡ್ತಿದ್ವಿ. ಹೊಳೆ ಈಚೆಗಿನ ಪೇಟೆಯವರು ನಮ್ಮನ್ನ ಆಚೆಯವರು ಅಂದ್ರು. ಸರಿ, ಅವರಿಗೆ ನಾವು ಆಚೆ. ಆದ್ರೆ ನಾವು ಈಚೆಗೆ ಬಂದು ಮೂರು ತಲೆಮಾರಾಯ್ತಲ್ಲ, ಇನ್ನೂ ಯಾತರ ಆಚೆ?”

ಸೂಜಿಯಕ್ಕನಿಗೆ ಅಳು ಬಂತು, ಜೊತೆಗೆ ನಗುವೂ ಬಂತು. ಗುರುವಾರ ಸಭೆಯಿದೆ, ಸಭಾಂಗಣದ ಫಲಕದಲ್ಲಿ ಏನು ಬರೆಯಬೇಕೆಂದು ಅಲ್ಲೇ ತೀರ್ಮಾನ ಎಂದಳು.

“ಹಾಗಾದ್ರೆ ನನ್ನನ್ನೂ ಕರ್ಕೊಂಡು ಹೋಗು,” ಎಂದಳು ದೊಡ್ಡಮ್ಮ.

ಗುರುವಾರ ಸಭೆಯ ಮೇಜಿನ ತುದಿಯಲ್ಲಿ ನಿರ್ದೇಶಕಿ, ಬಲಗಡೆ ಪ್ರೊಫೆಸರು. ಆಚೆಯವರ ಬಗ್ಗೆ ದಿಂಬಿನಷ್ಟು ದಪ್ಪದ ಪುಸ್ತಕ ಬರೆದವರು ಅವರು. ನಲವತ್ತು ವರ್ಷ ಬಿಸಿಲಲ್ಲಿ ಕಾಲು ಸವೆಸಿ ಮನೆಮನೆ ತಿರುಗಿದ್ದರು, ಅದನ್ನು ಅಲ್ಲಗಳೆಯುವಂತಿಲ್ಲ. ಬಾಗಿಲಲ್ಲಿ ಬೋರ್ಡು ಬರೆಯುವವನು ಕುಂಚ ಹಿಡಿದು ಕಾಯುತ್ತಿದ್ದ. ಹೊದಿಕೆಗಳನ್ನೂ ದಾಖಲೆ ಪುಸ್ತಕವನ್ನೂ ಹೊತ್ತು ತಂದ ಸೂಜಿಯಕ್ಕ ಗೋಡೆ ಪಕ್ಕ ನಿಂತಳು. ದೊಡ್ಡಮ್ಮನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದ್ದಳು.

“ಆಚೆಯವರು ಅನ್ನೋದು ಕೇಳೋಕೆ ಒರಟು,” ಎಂದರು ನಿರ್ದೇಶಕಿ. “‘ನದಿತೀರದ ಸಮುದಾಯ’ ಅಂತ ಹಾಕಿದ್ರೆ ಹೇಗೆ? ಗೌರವವಾಗಿರುತ್ತೆ.”

“ಹಾಗೊಂದು ಸಮುದಾಯವೇ ಇಲ್ಲ ಮೇಡಂ,” ಎಂದರು ಪ್ರೊಫೆಸರು. “ಅದು ನೀವು ನಿನ್ನೆ ಹುಟ್ಟಿಸಿದ ಹೆಸರು. ಪುಸ್ತಕಗಳಲ್ಲಿ ಇರೋದು ಆಚೆಯವರು. ಬೇರೆ ಹಾಕಿದ್ರೆ ನಾಳೆ ಓದೋ ಹುಡುಗರು ಏನಂತ ಹುಡುಕ್ತಾರೆ?”

“ಆ ಜನರನ್ನೇ ಕೇಳಬಹುದಲ್ವಾ?”

“ಎಲ್ಲಿ ಅಂತ ಹುಡುಕೋದು? ಅವರೆಲ್ಲ ಚದುರಿಹೋಗಿ ಯಾವ ಕಾಲವಾಯ್ತು.”

ಈಗ ಬಾಯಿ ಬಿಡದಿದ್ದರೆ ಇನ್ನೆಂದೂ ಬಿಡುವುದಿಲ್ಲ ಎಂದು ಸೂಜಿಯಕ್ಕನಿಗೆ ಅನ್ನಿಸಿತು.

“ಇಲ್ಲೇ ಇದೀನಿ ಸಾರ್,” ಎಂದಳು. “ನಾನು ಅವರವಳೇ. ನಾವು ಆಚೆಯವರಲ್ಲ, ಏಳೊಲೆಯವರು. ಆ ಗಂಟುಗಳು ದೋಷ ಅಲ್ಲ, ನಮ್ಮ ಹೆಸರು. ನಾನು ಅದನ್ನ ಬಿಚ್ಚಲ್ಲ.”

ನಿರ್ದೇಶಕಿ ಕುರ್ಚಿ ಸಮೇತ ಅವಳತ್ತ ತಿರುಗಿದರು. ಪ್ರೊಫೆಸರು ಮಾತ್ರ ಅನುಭವಸ್ಥರು, ಮೆತ್ತಗೆ ನಕ್ಕರು.

“ನೋಡಮ್ಮ, ನಿಮ್ಮ ಭಾವನೆ ನಂಗೆ ಅರ್ಥ ಆಗುತ್ತೆ. ಆದ್ರೆ ನಾನು ಮುನ್ನೂರು ಮನೆ ತಿರುಗಿದೀನಿ. ಒಬ್ರೂ ಈ ಹೆಸರು ಹೇಳಿಲ್ಲ. ಇದು ಇತ್ತೀಚೆಗೆ ಯಾರೋ ಹುಟ್ಟಿಸಿದ್ದು.”

“ಹೇಳೋದು ಹೇಗೆ? ನೀನು ಕೇಳಿದ್ರೆ ತಾನೇ!”

ಎಲ್ಲರೂ ತಿರುಗಿ ನೋಡಿದರು. ಬೋರ್ಡಿನವನ ಭುಜ ಹಿಡಿದುಕೊಂಡು ದೊಡ್ಡಮ್ಮ ಒಳಗೆ ಬರುತ್ತಿದ್ದಳು.

“ಹೊರಗೆ ಕೂತು ನಿನ್ನ ದನಿ ಕೇಳ್ತಾನೇ ಇದ್ದೆ. ನಮ್ಮನೆಗೂ ಬಂದಿದ್ದೆ ನೀನು. ಕಡ್ಡಿ ಹಾಗಿದ್ದೆ, ಕನ್ನಡಕಕ್ಕೆ ದಾರ ಕಟ್ಕೊಂಡಿದ್ದೆ. ಎರಡು ಲೋಟ ಹಾಲು ಕುಡಿದು, ‘ಅಮ್ಮಾ, ನಿಮ್ಮನ್ನ ಏನಂತ ಕರೀತಾರೆ’ ಅಂದೆ. ಆಚೆಯವರು ಅಂತ ಕರೀತಾರಪ್ಪ ಅಂದೆ ನಾನು. ಸುಳ್ಳು ಹೇಳೋಕಾಗುತ್ತಾ? ಕರೀತಿದ್ದದ್ದೇ ಹಾಗೆ. ನಿಮಗೆ ನೀವು ಏನಂತೀರಿ ಅಂತ ನೀನು ಕೇಳ್ಲೇ ಇಲ್ಲ.”

ಪ್ರೊಫೆಸರು ಕನ್ನಡಕ ತೆಗೆದರು. ಆ ದಾರ ಅವರಿಗೆ ನೆನಪಾಗಿರಬೇಕು, ಕಿವಿ ಕೆಂಪಾಯಿತು. ಆದರೂ ನಲವತ್ತು ವರ್ಷದ ದುಡಿಮೆ, ಅಷ್ಟು ಸುಲಭವಾಗಿ ಬಿಟ್ಟುಕೊಡುವ ಆಸಾಮಿಯಲ್ಲ ಅವರು.

“ಒಪ್ಪಿದೆ, ನಾನು ಕೇಳಿಲ್ಲ. ಆದ್ರೆ ಈ ಗಂಟಿನ ವಿಷಯ ನಿಜ ಅನ್ನೋದಕ್ಕೆ ಪುರಾವೆ?”

ಸೂಜಿಯಕ್ಕ ದಾಖಲೆ ಪುಸ್ತಕವನ್ನು ಅವರ ಮುಂದೆ ತಳ್ಳಿದಳು. “ಪುರಾವೆ ನಿಮ್ಮವರೇ ಬರೆದಿಟ್ಟಿದಾರೆ ಸಾರ್. ದೋಷ ಅನ್ನೋ ಕಡೆ ಬೆರಳಿಟ್ಟುಕೊಳ್ಳಿ. ಯಾವ ಹೊದಿಕೆ ಬೇಕಾದ್ರೂ ನೀವೇ ಆರಿಸಿ ದೊಡ್ಡಮ್ಮನ ಕೈಗೆ ಕೊಡಿ.”

ಪ್ರೊಫೆಸರು ರಾಶಿಯ ನಡುವಿನಿಂದ ಒಂದನ್ನು ಎಳೆದರು. ಮುದುಕಿ ಅಂಚನ್ನು ಬೆರಳಲ್ಲಿ ತಡವಿದಳು. “ಐದನೇ ಒಲೆ.”

ಪ್ರೊಫೆಸರು ಸಾಲು ಹುಡುಕಿ ಓದಿದರು. “ಏಳು ಗಂಟು, ಐದನೆಯದು ದಪ್ಪ.”

“ಇದು ನಮ್ಮದೇ, ಎರಡನೇದು. ನಮ್ಮವ್ವನ ಕೈ ಸ್ವಲ್ಪ ಬಿಗಿ,” ಎಂದಳು ಮುದುಕಿ, ಇನ್ನೊಂದನ್ನು ತಡವಿ.

“ಎರಡನೆಯದು ದಪ್ಪ,” ಎಂದು ಓದಿದರು. ಆ ಹೊದಿಕೆ ಸಂಗ್ರಹಾಲಯಕ್ಕೆ ಬಂದು ಎಪ್ಪತ್ತು ವರ್ಷವಾಗಿತ್ತು. ನಾಲ್ಕು, ಐದು, ಆರು ಹೊದಿಕೆಗಳಾದವು. ಮುದುಕಿ ಒಂದರಲ್ಲೂ ತಪ್ಪಲಿಲ್ಲ. ಬೋರ್ಡಿನವನಂತೂ ಪ್ರತಿ ಸಲವೂ ಕುಂಚ ಎತ್ತಿ ‘ಸರಿ!’ ಎನ್ನತೊಡಗಿದ್ದ.

ಏಳನೆಯದನ್ನು ಹಿಡಿದ ಕೈ ಅಂಚಿನ ಮೇಲೆ ಹೋಯಿತು, ಮತ್ತೆ ಬಂತು, ಮತ್ತೆ ಹೋಯಿತು. ದೊಡ್ಡಮ್ಮನ ಮುಖ ಬಾಡಿತು.

“ಇದ್ರಲ್ಲಿ ಏನೂ ಇಲ್ವಲ್ಲ, ಮಗಾ.”

ಅದೇ ಆ ಇಪ್ಪತ್ತನಾಲ್ಕನೆಯದು. ಪ್ರೊಫೆಸರು ಸಾಲು ಓದಲು ಬಾಯಿ ತೆರೆದು, ‘ದೋಷ ಸರಿಪಡಿಸಲಾಗಿದೆ’ ಎಂಬಲ್ಲಿ ನಿಂತುಬಿಟ್ಟರು. ಯಾವ ಗಂಟು ದಪ್ಪವಿತ್ತೋ ಅದನ್ನು ಬರೆಯುವ ಗೋಜಿಗೂ ಆ ಪುಣ್ಯಾತ್ಮ ಹೋಗಿರಲಿಲ್ಲ.

“ಸರಿ,” ಎಂದರು ಕೊನೆಗೆ, ದನಿ ತಗ್ಗಿಸಿ. “ಪುರಾವೆ ಸಾಕು. ಇಪ್ಪತ್ಮೂರಕ್ಕೆ ಏಳೊಲೆಯವರು ಅಂತ ಹಾಕೋಣ. ಇದೊಂದಕ್ಕೆ... ಗುರುತೇ ಇಲ್ವಲ್ಲ. ಇದನ್ನ ಹಳೇ ಹೆಸರಲ್ಲೇ ಬಿಡೋಣ.”

ಸೂಜಿಯಕ್ಕನಿಗೆ ಸಿಟ್ಟು ನೆತ್ತಿಗೇರಿತು. ಅದು ಎಷ್ಟು ವರ್ಷದ ಸಿಟ್ಟೋ, ಹಿಂದಿನ ಬೆಂಚಿನಿಂದ ಎದ್ದು ಬಂದ ಸಿಟ್ಟು.

“ಇಲ್ಲ ಸಾರ್. ಮಂಗಳವಾರ ನಾನು ಮೇಡಂ ಹೇಳಿದ್ಹಾಗೆ ಕೇಳಿದ್ರೆ ಎಲ್ಲಾ ಇಪ್ಪತ್ನಾಲ್ಕೂ ಹೀಗೇ ಇರ್ತಿದ್ವು. ಆಗ ನಮಗೆ ಹೆಸರೇ ಇಲ್ಲ ಅಂತಿದ್ರಾ? ಬಿಚ್ಚಿದವರು ನೀವು, ಪುರಾವೆ ತರಬೇಕಾದವರು ನಾವಾ? ಮೇಡಂನ ನಾವು ಮೇಡಂ ಅಂತೀವಿ, ಪ್ರೊಫೆಸರ್‌ನ ಪ್ರೊಫೆಸರ್ ಅಂತೀವಿ. ಯಾವತ್ತಾದ್ರೂ ನಿಮ್ಮ ಹತ್ರ ಪುರಾವೆ ಕೇಳಿದೀವಾ? ನಮ್ಮ ಹೆಸರು ನಾವು ಹೇಳಿದ್ದು. ಗಂಟು ಇದ್ರೂ ಅದೇ, ಇಲ್ದಿದ್ರೂ ಅದೇ.”

ತನ್ನ ಮಾತು ಇಷ್ಟು ದೊಡ್ಡದಾಗಿ ಕೇಳಬಲ್ಲದು ಎಂದು ಸೂಜಿಯಕ್ಕನಿಗೇ ಗೊತ್ತಿರಲಿಲ್ಲ.

ಪ್ರೊಫೆಸರು ಆ ಬೋಳು ಅಂಚನ್ನು ಒಮ್ಮೆ ಬೆರಳಲ್ಲಿ ತಡವಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಪಕ್ಕದಲ್ಲಿದ್ದ ತಮ್ಮದೇ ದಪ್ಪ ಪುಸ್ತಕವನ್ನು ಎಳೆದುಕೊಂಡು, ರಕ್ಷಾಪುಟದ ಮೇಲಿನ ‘ಆಚೆಯವರು’ ಎಂಬುದರ ಮೇಲೆ ಒಂದು ಗೆರೆ ಎಳೆದರು.

“ಇಪ್ಪತ್ನಾಲ್ಕಕ್ಕೂ,” ಎಂದರು. “ಹಳೇ ಹೆಸರು ಕೆಳಗೆ ಸಣ್ಣದಾಗಿ ಇರ್ಲಿ, ‘ಬೇರೆಯವರು ಹೀಗೆ ಕರೆಯುತ್ತಿದ್ದರು’ ಅಂತ. ನನ್ನಂಥವರೇ ಕರೆದದ್ದು ಅಂತ ಜನಕ್ಕೆ ಗೊತ್ತಾಗ್ಲಿ.”

ನಿರ್ದೇಶಕಿ ಮೇಜು ತಟ್ಟಿದರು. “ತೀರ್ಮಾನ ಆಯ್ತು. ಅಕ್ಕಾ, ಆ ಗಂಟಿಗೆ ಯಾರೂ ಕೈ ಹಚ್ಚೋ ಹಾಗಿಲ್ಲ. ಗೋಡೆಗೆ ಹಾಕುವಾಗ ಅಂಚೇ ಮೊದಲು ಕಾಣ್ಬೇಕು.”

“ದೊಡ್ಡಕ್ಷರದಲ್ಲಾ ಸಣ್ಣಕ್ಷರದಲ್ಲಾ?” ಎಂದು ಬೋರ್ಡಿನವನು ಕೇಳಿದ.

“ನಿನ್ನ ಹತ್ರ ಇರೋ ದೊಡ್ಡ ಕುಂಚ ತಗೋ!” ಎಂದಳು ದೊಡ್ಡಮ್ಮ. ಎಲ್ಲರೂ ನಕ್ಕರು, ಪ್ರೊಫೆಸರೂ ನಕ್ಕರು.

ಮಧ್ಯಾಹ್ನ ಸೂಜಿಯಕ್ಕ ತನ್ನ ಕೋಣೆಯಲ್ಲಿ ದಾಖಲೆ ಪುಸ್ತಕ ಬಿಚ್ಚಿ ಕೂತಳು. ನಿರ್ದೇಶಕಿಯೇ ಕೆಂಪು ಶಾಯಿಯ ಪೆನ್ನು ಕೊಟ್ಟು, ತಿದ್ದಲು ಲಿಖಿತ ಒಪ್ಪಿಗೆಯನ್ನೂ ಕೊಟ್ಟಿದ್ದರು. ದೊಡ್ಡಮ್ಮ ಎದುರಿಗೆ ಕೂತು ಚಹಾ ಕುಡಿಯುತ್ತ ಒಂದೊಂದೇ ಹೊದಿಕೆ ತಡವಿ ಒಲೆ ಹೇಳುತ್ತ ಹೋದಳು. ಪ್ರತಿ ಸಾಲಿನಲ್ಲೂ ‘ದೋಷ’ದ ಮಾತನ್ನು ಹೊಡೆದುಹಾಕಿ ಸೂಜಿಯಕ್ಕ ಬರೆದಳು: ದೋಷವಿಲ್ಲ. ಇದು ಅವರ ಹೆಸರು.

ಹತ್ತನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ಮೊದಲಿನ ಒಂಬತ್ತಕ್ಕೂ ಹಿಂತಿರುಗಿ ‘ಅವರ’ ಎಂಬುದನ್ನು ಹೊಡೆದು ‘ನಮ್ಮ’ ಎಂದು ತಿದ್ದಿದಳು. ಆಮೇಲೆ ಕೈ ಎಲ್ಲೂ ತಡೆಯಲಿಲ್ಲ.

ಇಪ್ಪತ್ತನಾಲ್ಕನೆಯ ಹೊದಿಕೆಯನ್ನು ಹಾಸಿದಾಗ ದೊಡ್ಡಮ್ಮ ಅದರ ಬೋಳು ಅಂಚಿನ ಮೇಲೆ ಅಂಗೈ ಇಟ್ಟಳು.

“ಇದು ಯಾವ ಒಲೆ ಅಂತ ಬರೀತೀಯಾ?”

“ಗೊತ್ತಿಲ್ಲ ಅಂತ ಬರೀತೀನಿ ದೊಡ್ಡಮ್ಮ. ಆದ್ರೆ ಯಾರದು ಅಂತ ಗೊತ್ತು.”

ಅವಳು ಉಳಿದವುಗಳಂತೆ ಇದರಲ್ಲೂ ‘ಜನ’ ಎಂಬಲ್ಲಿ ‘ಏಳೊಲೆಯವರು’ ಎಂದು ಬರೆದಳು. ಕೆಳಗೆ, ತಿದ್ದಿದವರ ಸಹಿ ಹಾಕುವ ಜಾಗದಲ್ಲಿ, ತನ್ನ ಸಹಿ ಹಾಕಿ ಅದರ ಪಕ್ಕಕ್ಕೆ ಏಳು ಚುಕ್ಕಿ ಇಟ್ಟಳು. ಎರಡನೆಯದನ್ನು ಒತ್ತಿ ದಪ್ಪ ಮಾಡಿದಳು.