ಅಪ್ಪನ ವಯಸ್ಸಿಗೆ ತಕ್ಕ ಬಟ್ಟೆ

ಕಪಾಟಿನ ಕೆಳಗಿನ ಅರೆಯಿಂದಲೂ ಬೂದು ಬಣ್ಣದ ಬಟ್ಟೆಯೇ ಹೊರಬಂದಾಗ ಎದುರುಮನೆಯಾಕೆಗೆ ತಾಳ್ಮೆ ತಪ್ಪಿತು.

“ಇನ್ನೂ ಏನು ಹುಡುಕ್ತೀಯ? ಯಾವುದೋ ಒಂದು ಕೊಡು, ಹಾಕೋಣ. ಗಾಡಿ ಬರೋ ಹೊತ್ತಾಯ್ತು. ಎಲ್ಲಾ ಒಂದೇ ಥರ ಇವೆ, ಆರಿಸೋಕೆ ಏನಿದೆ ಇದರಲ್ಲಿ?”

ಮಗಳು ಮಂಚದ ಮೇಲಿನ ಗುಡ್ಡೆಯನ್ನು ನೋಡಿದಳು. ಬೂದು, ಕಂದು, ಮತ್ತೆ ಬೂದು, ಒಗೆದು ಒಗೆದು ಯಾವ ಬಣ್ಣವೆಂದು ಹೇಳಲಾಗದ ಒಂದೆರಡು. ಇಸ್ತ್ರಿ ಮಾತ್ರ ಎಲ್ಲಕ್ಕೂ ಗರಿಗರಿಯಾಗಿತ್ತು. ಲಾಂಡ್ರಿಯಲ್ಲಿ ಊರವರ ಬಟ್ಟೆಗೆಲ್ಲ ಇಸ್ತ್ರಿ ಹಾಕಿ ಜೀವ ಸವೆಸಿದ ಅಮ್ಮ ತನ್ನ ಬಟ್ಟೆಗೆ ಸುಕ್ಕು ಬೀಳಲು ಬಿಟ್ಟವಳಲ್ಲ. ಮಗಳಾದರೋ ದೊಡ್ಡ ಬೀದಿಯ ರೆಡಿಮೇಡ್ ಅಂಗಡಿಯಲ್ಲಿ ಹೆಂಗಸರ ವಿಭಾಗ ನೋಡಿಕೊಳ್ಳುವವಳು. “ವಯಸ್ಸು ಹೇಳಬೇಡಿ ಮೇಡಂ, ಸೈಜ್ ಹೇಳಿ ಸಾಕು” ಎಂದು ಹೇಳಿ ಅರವತ್ತರವರಿಗೂ ಗುಲಾಬಿ ಬಣ್ಣ ಮಾರಿ ಕಳಿಸುವ ಚಾಲಾಕಿ. ಅಂಥವಳು ಈ ಕಪಾಟನ್ನು ಒಂದು ದಿನವೂ ತೆರೆದಿರಲಿಲ್ಲ. ತೆರೆಯಬೇಕು ಅನ್ನಿಸಿಯೂ ಇರಲಿಲ್ಲ.

ಮೇಲಿದ್ದ ಬೂದು ಬಟ್ಟೆಯನ್ನೇ ಕೊಟ್ಟಳು. ಇಬ್ಬರೂ ಸೇರಿ ತೊಡಿಸಿದರು. ಎದುರುಮನೆಯಾಕೆ ಸತ್ತವಳ ತಲೆಗೆ ಎಂದಿನಂತೆ ಕಟ್ಟಿದ್ದ ಕಂದು ಬಟ್ಟೆಯನ್ನು ಬಿಚ್ಚದೆ, ಬಿಗಿ ಗಂಟಿನ ಮೇಲೆ ಸರಿಪಡಿಸಿದಳು.

“ನನ್ನ ಓರಗೆಯವಳು ಕಣೇ ನಿಮ್ಮಮ್ಮ. ದಿನಾ ಸಂಜೆ ಪಾರ್ಕಿನಲ್ಲಿ ಕೂತು ನನ್ನ ಮಂಡಿ ನೋವು, ಬೆನ್ನು ನೋವು ಎಲ್ಲಾ ಕೇಳೋಳು. ನೀನು ಹೇಳೇ ಅಂದ್ರೆ, ‘ನಂದೂ ಅದೇ’ ಅಂತ ನಕ್ಕುಬಿಡೋಳು. ಇನ್ನು ಉಳಿದಿರೋದು ನನ್ನ ಸರದಿ.”

ಎದುರುಮನೆಯಾಕೆಗೆ ಎಪ್ಪತ್ತಾರು. ಮಗಳು ಕಪಾಟು ಮುಚ್ಚಿದಳು.

ಹೊರಕೋಣೆಯಲ್ಲಿ ಕುರ್ಚಿಗಳು ತುಂಬಿದ್ದವು. ಲಾಂಡ್ರಿ ಯಜಮಾನ ಬಂದು, ಕೈ ಕಟ್ಟಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಮಾತಿಗೆ ಕೂತಿದ್ದ.

“ಬಂಗಾರದಂಥ ಕೆಲಸ ಅಜ್ಜೀದು. ಕಾಲರಿಗೆ ಕಟ್ಟಿರೋ ನಂಬರ್ ಚೀಟಿ ಇರುತ್ತಲ್ಲ, ಅದನ್ನ ಕತ್ತರಿಯಲ್ಲಿ ಕತ್ತರಿಸಿದ್ದೇ ಇಲ್ಲ. ದಾರಾನ ಹಲ್ಲಲ್ಲಿ ಕಡಿಯೋರು. ಬಟ್ಟೆಗೆ ಕತ್ತರಿ ತಾಗಬಾರದು ಅಂತ. ಆಮೇಲಾಮೇಲೆ ನನಗೇ ಪಾಪ ಅನ್ನಿಸ್ತು. ಅಜ್ಜಿ, ಈ ವಯಸ್ಸಲ್ಲಿ ಎಷ್ಟು ಅಂತ ಹಬೆಯಲ್ಲಿ ನಿಂತ್ಕೋತೀರಾ, ಸಾಕು, ಮನೇಲಿ ಆರಾಮಾಗಿರಿ ಅಂದೆ. ಒಂದು ಮಾತು ಎದುರಾಡಲಿಲ್ಲ ಮಹಾತಾಯಿ. ಏಪ್ರನ್ ಬಿಚ್ಚಿ, ಮಡಚಿ, ಇಸ್ತ್ರಿ ಹಾಕಿಟ್ಟು ಹೋದರು. ಅದಾಗಿ ಹತ್ತು ವರ್ಷ ಆಯ್ತು.”

“ಈಗ ಎಷ್ಟಾಗಿತ್ತು ವಯಸ್ಸು?” ಮಹಡಿಯ ಬಾಡಿಗೆದಾರ ಕೇಳಿದ.

“ಎಂಬತ್ತರ ಹತ್ತಿರ ಹತ್ತಿರ ಅನ್ನಿ. ತುಂಬಿದ ಜೀವ. ಅಳಬಾರದು.” ಯಜಮಾನ ಮಗಳ ಕಡೆ ತಿರುಗಿದ. “ನೀವೂ ಅಳಬೇಡಿ ಮೇಡಂ. ನಿಮಗೆ ಐವತ್ತು ದಾಟಿದೆ ಅಂದ್ರೆ ಯಾರೂ ನಂಬಲ್ಲ ನೋಡಿ. ಚೆನ್ನಾಗಿ ನೋಡ್ಕೊಂಡರು ನಿಮ್ಮನ್ನ.”

ಇಂಥ ಹೊತ್ತಿನಲ್ಲೂ ಆ ಮಾತು ಒಳಗೆಲ್ಲೋ ಸಿಹಿಯಾಗಿ ತಾಗಿತು. ತಾಗಿದ್ದು ತಿಳಿದ ಕೂಡಲೇ ಮಗಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಹತ್ತು ವರ್ಷದ ಹಿಂದೆ ಅಮ್ಮನಿಗೆ ನಲವತ್ತೆಂಟು. ತನಗೀಗ ಇರುವುದಕ್ಕಿಂತ ಚಿಕ್ಕ ವಯಸ್ಸು. ಅಂದು ಅಮ್ಮ ಏಪ್ರನ್ ಬಿಟ್ಟು ಮನೆಗೆ ಬಂದಾಗ ತಾನು ಕೂಡ “ಒಳ್ಳೇದಾಯ್ತು ಬಿಡು, ವಯಸ್ಸಾಯ್ತಲ್ಲ” ಎಂದಿದ್ದು ನೆನಪಾಯಿತು.

ಐವತ್ತೆಂಟು ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಹೇಳಿದರೆ, ಮತ್ತೆ ಯಾಕೆ ಹಾಗಿದ್ದರು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅದಕ್ಕೆ ಉತ್ತರ ಗೊತ್ತಿದ್ದವರು ಇಬ್ಬರು. ಒಬ್ಬಳು ಆಗಲೇ ಬಾಯಿ ಮುಚ್ಚಿ ಮಲಗಿದ್ದಳು.

*

ಆಗ ಮಗಳಿಗೆ ಹದಿನಾಲ್ಕು. ಹೆತ್ತ ತಾಯಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಬಸ್ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಕೂರುತ್ತಿದ್ದ ಅಪ್ಪ, ನಲವತ್ತೈದು ದಾಟಿದ ಮೇಲೆ, ಇಪ್ಪತ್ತರ ಹುಡುಗಿಯೊಬ್ಬಳನ್ನು ಮದುವೆಯಾಗಿ ಕರೆತಂದ. ಹುಡುಗಿ ನಗುಮುಖದವಳು. ಪಾತ್ರೆ ತೊಳೆಯುವಾಗಲೂ ಗುನುಗುವವಳು. ಮಗಳು ಅವಳನ್ನು ಏನೆಂದೂ ಕರೆಯುತ್ತಿರಲಿಲ್ಲ. ಅಮ್ಮ ಎನ್ನಲು ಮನಸ್ಸು ಬಾರದೆ, ಚಿಕ್ಕಮ್ಮ ಎಂದರೂ ಅದರಲ್ಲಿ ಅಮ್ಮ ಇದ್ದಾಳಲ್ಲ ಎಂದು “ಇಲ್ಲಿ ನೋಡು”, “ಕೇಳಿಸ್ತಾ” ಎನ್ನುವುದರಲ್ಲೇ ಕೆಲಸ ಸಾಗಿಸುತ್ತಿದ್ದಳು.

ಶಾಲೆಯ ಪೋಷಕರ ಸಭೆಗೆ ಅಪ್ಪನಿಗೆ ರಜೆ ಸಿಗಲಿಲ್ಲ. ಅವಳು ಬಂದಳು. ಹಳದಿ ಬಟ್ಟೆಯ ತುಂಬ ಕೆಂಪು ಹೂವು, ಬೆನ್ನ ಮೇಲೆ ಬಿಟ್ಟ ಕೂದಲು. ಅವಳ ಮಟ್ಟಿಗೆ ಅದು ಇದ್ದುದರಲ್ಲಿ ಒಳ್ಳೆಯ ಬಟ್ಟೆ.

“ಅಕ್ಕನ್ನ ಕಳಿಸಿದ್ದಾರಾ? ಮನೇಲಿ ದೊಡ್ಡವರು ಯಾರೂ ಬರಲಿಲ್ವಾ?” ಟೀಚರ್ ಕೇಳಿದರು.

“ನಾನೇ ಅವಳಮ್ಮ” ಎಂದಳು ಅವಳು, ಹೆಮ್ಮೆಯಿಂದಲೇ.

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಯಾರದೋ ತಾಯಿ ಪಕ್ಕದವಳ ಕಿವಿ ಕಚ್ಚಿದಳು. ಭೂಮಿ ಬಾಯಿಬಿಟ್ಟಿದ್ದರೆ ಮಗಳು ಅಂದು ಸಂತೋಷವಾಗಿ ಒಳಗಿಳಿಯುತ್ತಿದ್ದಳು.

ಮನೆಗೆ ಬಂದ ಮೇಲೆ ಹೇಳಿದಳು: “ಅಮ್ಮ ಆಗೋಕೆ ಬಂದಿದ್ರೆ ಅಮ್ಮನ ಥರ ಕಾಣು. ವಯಸ್ಸಿಗೆ ತಕ್ಕ ಬಟ್ಟೆ ಹಾಕ್ಕೋ.”

ಅವಳು ತನ್ನ ತೋಳನ್ನೊಮ್ಮೆ ನೋಡಿಕೊಂಡಳು. “ನನ್ನ ವಯಸ್ಸಿಗೆ ಇದು ತಕ್ಕದ್ದೇ ಅಲ್ವಾ?”

“ನಿನ್ನ ವಯಸ್ಸಿಗಲ್ಲ. ನಮ್ಮಪ್ಪನ ವಯಸ್ಸಿಗೆ.”

ಮುಂದಿನ ಸಭೆಗೆ ಬಂದವಳನ್ನು ಮಗಳೇ ಒಂದು ಕ್ಷಣ ಗುರುತಿಸಲಿಲ್ಲ. ಬೂದು ಬಟ್ಟೆ, ಬಿಗಿ ಗಂಟು, ಕರಿ ಚೌಕಟ್ಟಿನ ಕನ್ನಡಕ. ಕಣ್ಣು ಮಂಜಾಗಿತ್ತಂತೆ ಎಂದು ಅಪ್ಪ ಹೇಳಿದ್ದ. ಟೀಚರ್ ಎದ್ದು ನಿಂತು “ಬನ್ನಿ ಅಮ್ಮ, ಕೂತ್ಕೊಳ್ಳಿ” ಎಂದು ಕುರ್ಚಿ ಎಳೆದುಕೊಟ್ಟರು. ಯಾರೂ ಕಿಸಕ್ಕೆನ್ನಲಿಲ್ಲ. ವಾಪಸ್ಸು ಬರುವಾಗ, ರಸ್ತೆ ದಾಟುವಲ್ಲಿ, ಮಗಳು ತಾನಾಗಿ ಅವಳ ಕೈ ಹಿಡಿದಳು. “ಬಾ ಅಮ್ಮ, ಗಾಡಿ ಯಾವುದೂ ಬರ್ತಿಲ್ಲ.”

ರಸ್ತೆ ದಾಟಿದ ಮೇಲೂ ಅವಳು ಆ ಕೈ ಬಿಡಲಿಲ್ಲ. ಆ ಬಟ್ಟೆಯನ್ನೂ ಬಿಡಲಿಲ್ಲ. ಅಮ್ಮ ಎಂಬ ಆ ಕರೆ ಯಾವ ಬಟ್ಟೆಗೆ ಸಿಕ್ಕಿತೆಂದು ಅವಳಿಗೆ ಗೊತ್ತಿತ್ತು. ಹದಿನಾಲ್ಕರ ಹುಡುಗಿಗೂ ಗೊತ್ತಿತ್ತು. ವರ್ಷ ಕಳೆದಂತೆ ಅಪ್ಪ ಹೋದ, ಮಗಳು ಮದುವೆಯಾಗಿ, ಅದು ಮುರಿದು, ಇದೇ ಮನೆಗೆ ಹಿಂತಿರುಗಿದಳು. ಬಗ್ಗಿ ನಡೆಯುವುದು ರೂಢಿಯಾಗಿ ಅಮ್ಮನ ಬೆನ್ನೇ ಬಗ್ಗಿತು. ಆಮೇಲೆ ಗೊತ್ತಿದ್ದದ್ದು ಮಗಳಿಗೆ ಮರೆತೇಹೋಯಿತು. ಬೀದಿಯವರ ಹಾಗೆ ಅವಳೂ ಅಮ್ಮನನ್ನು ಮುದುಕಿಯೆಂದೇ ನಂಬಿದಳು.

*

ಬಾಗಿಲಲ್ಲಿ ಗಿಣಿಹಸಿರು ಕಾಣಿಸಿತು. ಬಂದ ಹೆಂಗಸು ಚೀಲ ಕೆಳಗಿಟ್ಟು, ಚಪ್ಪಲಿ ಕಳಚಿ, ಯಾರನ್ನೂ ಕೇಳದೆ ನೇರ ಹೋಗಿ ಶವದ ಪಕ್ಕ ನೆಲದ ಮೇಲೆ ಕೂತಳು. ಕೆನ್ನೆ ಸವರಿದಳು. ಸದ್ದಿಲ್ಲದೆ ಅತ್ತಳು. ಎದುರುಮನೆಯಾಕೆ ಮೂಗು ಮುರಿದಳು.

“ಸಾವಿನ ಮನೆಗೆ ಆ ಬಣ್ಣ ನೋಡು. ವಯಸ್ಸಿಗೆ ತಕ್ಕ ಹಾಗಿರೋದು ಬೇಡ್ವಾ?” ಎಂದು ಮೆಲ್ಲಗೆ ಗೊಣಗಿ, ಜೋರಾಗಿ ಕೇಳಿದಳು: “ನೀವು ಅಜ್ಜಿಗೆ ಏನಾಗಬೇಕು?”

“ಅಕ್ಕ.”

“ಅಕ್ಕನ ಮಗಳಾ?”

“ಅಲ್ಲ. ಅಕ್ಕ. ನಾನೇ ಎರಡು ವರ್ಷಕ್ಕೆ ದೊಡ್ಡವಳು. ನನಗೆ ಅರವತ್ತು.”

ಲಾಂಡ್ರಿ ಯಜಮಾನ ಲೆಕ್ಕ ಹಾಕಲು ಬೆರಳು ಮಡಚತೊಡಗಿ ಅರ್ಧಕ್ಕೇ ಬಿಟ್ಟ. ಅವನ ಮುಖ ಕಪ್ಪಿಟ್ಟಿತು. ಎದುರುಮನೆಯಾಕೆ ತನ್ನ ಮಂಡಿಯ ಮೇಲಿದ್ದ ಕೈಯನ್ನು ಮೆಲ್ಲಗೆ ತೆಗೆದಳು.

“ಇವಳು ನಮ್ಮನೆಗೆ ಬಂದಾಗ ನನ್ನ ಬಟ್ಟೇನೇ ಹಾಕ್ಕೊಂಡು ತಿರುಗ್ತಿದ್ಲು” ಎಂದಳು ದೊಡ್ಡಮ್ಮ, ತಂಗಿಯ ಮುಖದಿಂದ ಕಣ್ಣು ತೆಗೆಯದೆ. “ಕೆಂಪು, ನೀಲಿ, ಯಾವುದು ಸಿಕ್ಕಿದರೆ ಅದು. ಹೊರಡೋ ದಿನ ಬೆಳಿಗ್ಗೆ ಮಾತ್ರ ಮತ್ತೆ ಈ ಬೂದು ಬಟ್ಟೆ ಹಾಕ್ಕೊಂಡು, ಕನ್ನಡಕ ಏರಿಸಿ, ‘ನೋಡಕ್ಕ, ನಾನು ಅಮ್ಮ ಆದೆ, ಬರ್ತೀನಿ’ ಅಂತ ನಗಿಸಿ ಬಸ್ ಹತ್ತೋಳು. ಯಾಕೇ ಇದು ಅಂದ್ರೆ ಹೇಳ್ತಿರಲಿಲ್ಲ.” ಆಮೇಲೆ ತಲೆಯೆತ್ತಿದಳು. “ನಿನಗೇನಾದ್ರೂ ಗೊತ್ತೇನಮ್ಮ?”

ಎಲ್ಲರೂ ಮಗಳ ಕಡೆ ತಿರುಗಿದರು. ಪಾರ್ಲರಿನಲ್ಲಿ ಬಣ್ಣ ಹಾಕಿಸಿದ ಅವಳ ಕೂದಲು ಅವಳಿಗೇ ಭಾರವಾಯಿತು.

“ಗೊತ್ತಿಲ್ಲ ದೊಡ್ಡಮ್ಮ” ಎಂದಳು.

ದೊಡ್ಡಮ್ಮ ನಂಬಿದಳು. ಅದಕ್ಕಿಂತ ಬಯ್ದಿದ್ದರೆ ಚೆನ್ನಾಗಿತ್ತು. ಲಾಂಡ್ರಿ ಯಜಮಾನ ಏನಾದರೂ ಮಾತಾಡಬೇಕಲ್ಲ ಎಂದು ಗಂಟಲು ಸರಿಮಾಡಿಕೊಂಡ. “ಕನ್ನಡಕ ಹಾಕಿಬಿಡಿ ಮೇಡಂ. ಅದಿಲ್ಲದೆ ಗುರುತೇ ಹತ್ತಲ್ಲ.”

ಅದೊಂದು ನೆಪ ಸಿಕ್ಕಿದ್ದಕ್ಕೆ ಮಗಳು ಒಳಗೆ ಓಡಿದಳು. ಕನ್ನಡಕ ಕಿಟಕಿಯ ಕಟ್ಟೆಯ ಮೇಲಿತ್ತು, ಪಕ್ಕದಲ್ಲಿ ಮಾತ್ರೆಯ ಪಟ್ಟಿ. ಹೋದ ತಿಂಗಳು ಅಮ್ಮ ಮೆಟ್ಟಿಲ ಮಧ್ಯೆ ಕೂತು ಹೇಳಿದ್ದಳು: “ಹತ್ತೋಕೆ ಆಗ್ತಿಲ್ಲ ಕಣೇ. ಎದೆ ಹಿಡಿದ ಹಾಗಾಗುತ್ತೆ.” ಮಗಳು ಕೆಲಸಕ್ಕೆ ಹೊರಟವಳು, ಚೀಲದಿಂದ ಈ ಪಟ್ಟಿ ತೆಗೆದು ಕೊಟ್ಟಿದ್ದಳು. “ವಯಸ್ಸಾಯ್ತಲ್ಲಮ್ಮ, ಇವೆಲ್ಲ ಇದ್ದಿದ್ದೇ. ನೋವಾದಾಗ ಒಂದು ನುಂಗು.” ಅಮ್ಮ ಏನೋ ಹೇಳಲು ಬಾಯಿ ತೆರೆದಿದ್ದಳು. ಆಮೇಲೆ “ಹೌದು, ವಯಸ್ಸಾಯ್ತು” ಎಂದಿದ್ದಳು. ಅದೇ ವಾರ ಮಗಳು ತನ್ನ ಭುಜದ ನೋವಿಗೆ ಡಾಕ್ಟರ ಬಳಿ ಹೋಗಿ ಬಂದಿದ್ದಳು.

ಪಟ್ಟಿಯಲ್ಲಿ ಮಾತ್ರೆಗಳೆಲ್ಲ ಮುಗಿದಿದ್ದವು. ಹಿಂದೆ ಏನು ಬರೆದಿದೆ ಎಂದು ನೋಡಿದಳು. ಅಕ್ಷರ ಕಾಣಲಿಲ್ಲ. ಅವಳಿಗೂ ಓದುವ ಕನ್ನಡಕ ಬೇಕು, ನಾಲ್ಕು ಜನರೆದುರು ಹಾಕಿಕೊಳ್ಳಲು ನಾಚಿಕೆ, ಅದಕ್ಕೇ ಅದು ಅಂಗಡಿಯ ಮೇಜಿನ ಖಾನೆಯಲ್ಲಿ ಅಡಗಿರುತ್ತಿತ್ತು. ಅಮ್ಮನ ಕನ್ನಡಕವನ್ನೇ ಮೂಗಿಗೇರಿಸಿದಳು.

ಅಕ್ಷರ ಹಾಗೆಯೇ ಇತ್ತು. ಮಸುಕು ಮಸುಕಾಗಿ, ಕೂದಲೆಳೆಯಷ್ಟೂ ದೊಡ್ಡದಾಗದೆ. ತೆಗೆದು ನೋಡಿದಳು, ಮತ್ತೆ ಹಾಕಿ ನೋಡಿದಳು, ಕಿಟಕಿಯಾಚೆಯ ತಂತಿಯನ್ನು ನೋಡಿದಳು. ಯಾವ ವ್ಯತ್ಯಾಸವೂ ಇಲ್ಲ. ಬರೀ ಗಾಜು. ಒಡೆದಾಗ, ಸವೆದಾಗ ಮತ್ತೆ ಮತ್ತೆ ಮಾಡಿಸಿಕೊಂಡ ಬರೀ ಗಾಜು.

ಬೆಳಗಿನಿಂದ ಬಾರದ ಅಳು ಈಗ ಬಂತು, ಅದರಲ್ಲಿ ದುಃಖಕ್ಕಿಂತ ನಾಚಿಕೆಯೇ ಹೆಚ್ಚಾಗಿತ್ತು.

ಹೊರಗೆ ಗಾಡಿ ಬಂದ ಸದ್ದಾಯಿತು. ಮಗಳು ಮುಖ ಒರೆಸಿಕೊಂಡು ತನ್ನ ಕೋಣೆಗೆ ಹೋದಳು. ತನಗೆಂದು ಅಂಗಡಿಯಿಂದ ತಂದಿಟ್ಟ, ಇನ್ನೂ ಮೈಗೆ ಹಾಕದ ಕಿತ್ತಳೆ ಬಣ್ಣದ ಉಡುಪನ್ನು ತೆಗೆದುಕೊಂಡಳು. ಯಾರನ್ನು ಕಂಡರೂ ಕಣ್ಣಲ್ಲೇ ಅಳತೆ ತೆಗೆಯುವವಳಿಗೆ ಅಮ್ಮನ ಅಳತೆ ಹೊಳೆದದ್ದು ಇವತ್ತೇ. ಇಬ್ಬರದೂ ಒಂದೇ ಸೈಜ್.

“ಬಟ್ಟೆ ಬದಲಾಯಿಸಬೇಕು” ಎಂದಳು ಹೊರಗೆ ಬಂದು.

“ಈಗಾ? ಗಾಡಿ ನಿಂತಿದೆ” ಎಂದಳು ಎದುರುಮನೆಯಾಕೆ. “ಅದೂ ಈ ಬಣ್ಣಾನಾ?”

“ಅಮ್ಮನಿಗೆ ಐವತ್ತೆಂಟು. ನಾನೇ ಹೇಳಿದ್ದು ದೊಡ್ಡಮ್ಮ. ಆಗ ನಾನು ಹದಿನಾಲ್ಕು ವರ್ಷದವಳು, ನನಗೆ ನಾಚಿಕೆ ಆಗುತ್ತೆ, ಮುದುಕಿ ಥರ ಇರು ಅಂದೆ. ಆಮೇಲೆ ಬೇಡ ಅಂತ ಹೇಳಲೇ ಇಲ್ಲ. ಹೇಳೋದೇ ಮರೆತೆ.”

ದೊಡ್ಡಮ್ಮ ಅವಳನ್ನು ನೋಡಿದಳು. ಗಂಡಸರೆಲ್ಲ ತಾವಾಗಿ ಎದ್ದು ಹೊರಗೆ ಹೋದರು, ಯಜಮಾನ ಎಲ್ಲರಿಗಿಂತ ಮುಂದೆ.

“ಆ ಕಡೆ ತೋಳು ಹಿಡಿ” ಎಂದಳು ದೊಡ್ಡಮ್ಮ. ಮತ್ತೆ ಇಡೀ ದಿನ ಮಗಳ ಮುಖ ನೋಡಲಿಲ್ಲ.

ಬೂದು ಬಟ್ಟೆ ಬಿಚ್ಚಿದರು. ತಲೆಯ ಬಟ್ಟೆ ತೆಗೆದು ದೊಡ್ಡಮ್ಮ ಗಂಟು ಸಡಿಲಿಸಿದಾಗ ಕೂದಲು ಹೆಗಲ ಮೇಲೆ ಹರಡಿತು. ಮುಕ್ಕಾಲು ಪಾಲು ಇನ್ನೂ ಕಪ್ಪಾಗಿಯೇ ಇತ್ತು. ಎದುರುಮನೆಯಾಕೆ ಬಾಯಿಗೆ ಕೈ ಒತ್ತಿಕೊಂಡು ಗೋಡೆಗೆ ಮುಖ ಮಾಡಿದಳು.

ಊರ ಹೊರಗಿನ ಸ್ಮಶಾನದಲ್ಲಿ ಜನ ಹೆಚ್ಚಿರಲಿಲ್ಲ. ಅಲ್ಲಿಯ ಕೆಲಸದವನು, ನೀಲಿ ಅಂಗಿಯವನು, ಕೊನೆಯ ಸಲ ನೋಡುವವರಿಗೆಂದು ಮುಖದ ಮೇಲಿನ ಹೊದಿಕೆ ಸರಿಸಿದ. ಒಮ್ಮೆ ಆ ಮುಖ ನೋಡಿದ, ಒಮ್ಮೆ ಮಗಳನ್ನು ನೋಡಿದ.

“ಅಯ್ಯೋ, ಏನಾಗಿತ್ತು? ಹೋಗೋ ವಯಸ್ಸಲ್ಲ” ಎಂದ. “ನಿಮ್ಮಕ್ಕನಾ?”

ಹಿಂದೆ ನಿಂತ ಬೀದಿಯವರೆಲ್ಲ ಕೇಳಿಸಿಕೊಂಡರು. ಮಗಳ ಕಿವಿ ಸುಟ್ಟಿತು.

“ಅಮ್ಮ” ಎಂದಳು. ದನಿ ಹೊರಡಲಿಲ್ಲ. ಅವನು ಏನು ಎನ್ನುವಂತೆ ಬಗ್ಗಿದ. ಅವಳು ಇನ್ನೊಮ್ಮೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. “ನಮ್ಮಮ್ಮ.”

ಅವನು ಹೊದಿಕೆ ಮುಚ್ಚಲು ಕೈ ಚಾಚಿದಾಗ ಮಗಳು ತಡೆದಳು. ಕಿತ್ತಳೆ ತೋಳಿನ ತುದಿಯಲ್ಲಿ ಅಂಗಡಿಯ ಚೀಟಿ ಇನ್ನೂ ತೂಗುತ್ತಿತ್ತು. ಯಾರೋ ಕತ್ತರಿ ಇದೆಯೇ ಎಂದು ಕೇಳುತ್ತಾ ಗಾಡಿಯ ಕಡೆ ಹೊರಟರು. ಅವಳು ಕಾಯಲಿಲ್ಲ. ಬಗ್ಗಿ, ಆ ತಣ್ಣಗಿನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಬಾಯಿಯ ಹತ್ತಿರ ತಂದುಕೊಂಡು, ದಾರವನ್ನು ಹಲ್ಲಿನಲ್ಲಿ ಕಡಿದಳು.