ಗಾಜಿನ ಮನೆಯಲ್ಲಿ ಹಿರಿಯರ ಜಾಗ

ನಮ್ಮ ಕರಾಕೋಲ್ ಊರಿನ ಸಂತೆಯಲ್ಲಿ ನನ್ನದು ತಣ್ಣನೆಯ ಖಾರದ ಶ್ಯಾವಿಗೆ ಅಂಗಡಿ, ಪಕ್ಕದ್ದು ಬುರುಲ್‌ಳ ಪತ್ರಿಕೆ ಅಂಗಡಿ. ಮನೆ ಕಟ್ಟುವವರು ಬಂದರೆ ಅವಳು ವೈದ್ಯರಂತೆ ವಿಚಾರಿಸುತ್ತಾಳೆ. ಜಾಗ ಎಷ್ಟು, ಬಿಸಿಲು ಯಾವ ಕಡೆಯಿಂದ, ಅಡುಗೆ ಯಾರದು. ಚಿಕ್ಕ ಜಾಗಕ್ಕೆ ಮನೆ ಚಿತ್ರಗಳ ಒಂದು ಪತ್ರಿಕೆ, ಮರದ ಮನೆಗೆ ಇನ್ನೊಂದು. "ಚಂದ ಅಂತ ತಗೋಬೇಡ, ನಿನಗೆ ಹೊಂದುತ್ತಾ ನೋಡು," ಎಂದು ಗಿರಾಕಿ ಕೈಯಲ್ಲಿ ಹಿಡಿದದ್ದನ್ನು ಕಿತ್ತುಕೊಂಡು ಬೇರೆಯದನ್ನು ಕೊಡುವುದೂ ಉಂಟು.

ಬಸ್ ಓಡಿಸುವ ಸಿರ್ಗಾಕ್ ಬೆಳಕಿನ ಮನೆ ಬೇಕೆಂದಿದ್ದ. ಬುರುಲ್ ಅವನಿಗೆ ಆರಿಸಿಕೊಟ್ಟದ್ದು ಗಾಜಿನ ಮನೆಗಳ ಪತ್ರಿಕೆ. ಮುಖಪುಟದಲ್ಲಿದ್ದ ಹಾಗೆಯೇ ಕಟ್ಟಿಸಿದ. ಒಂದೇ ದೊಡ್ಡ ಕೋಣೆ, ಒಂದು ಕಡೆ ಒಳಬರುವ ಬಾಗಿಲು, ಮಿಕ್ಕ ಮೂರು ಕಡೆಯೂ ಸರಿಸುವ ಗಾಜಿನ ಬಾಗಿಲು.

ಶನಿವಾರ ಬೆಳಿಗ್ಗೆ ಅವನು ಏದುಸಿರು ಬಿಡುತ್ತ ಬಂದ. "ಬುರುಲಕ್ಕ, ಮಗಳ ಮದುವೆ ಮಾತಿಗೆ ಮಧ್ಯಾಹ್ನ ಬೀಗರು ಬರ್ತಿದಾರೆ. ಹುಡುಗನ ತಾತನ್ನ ಎಲ್ಲಿ ಕೂರಿಸ್ಲಿ?"

"ಇದೇನು ಕೇಳೋ ಮಾತಾ? ತೋರ್‌ನಲ್ಲಿ."

"ನಮ್ಮನೇಲಿ ಅದೆಲ್ಲಿದೆ ಅಂತ ನೀನೇ ಬಂದು ಹೇಳು."

ತೋರ್ ಅಂದರೆ ಹಿರಿಯರು ಕೂರುವ ಮರ್ಯಾದೆಯ ಜಾಗ, ಅದು ಬಾಗಿಲಿನಿಂದ ಅತಿ ದೂರದಲ್ಲಿರಬೇಕು. ಸಿರ್ಗಾಕನ ಮನೆಯಲ್ಲೋ, ಎಲ್ಲಿ ಕೂತರೂ ಬಾಗಿಲ ಬಳಿಯೇ. ಮರ್ಯಾದೆ ಸಿಗಲಿಲ್ಲವೆಂದು ಮುದುಕ ಎದ್ದು ಹೊರಟರೆ ಹುಡುಗಿಯ ಸಂಬಂಧ ಅಲ್ಲಿಗೇ ಮುರಿಯಿತು. ಆ ಪತ್ರಿಕೆ ಆರಿಸಿಕೊಟ್ಟದ್ದು ಬುರುಲ್ ತಾನೇ. ಅಂಗಡಿ ಮುಚ್ಚಿ, ಪತ್ರಿಕೆಗಳ ಕಟ್ಟು ಎತ್ತಿಕೊಂಡು ಹೊರಟೇಬಿಟ್ಟಳು. ಹಿಂದೆ ನಾನು, ಶ್ಯಾವಿಗೆ ಪಾತ್ರೆಯೊಂದಿಗೆ.

ಸಿರ್ಗಾಕನ ಮನೆಯ ನೆಲದ ಮೇಲೆ ಬುರುಲ್ ಪತ್ರಿಕೆಗಳನ್ನು ಹರಡಿಕೊಂಡು ಪುಟ ಮಗುಚಿದ್ದೇ ಮಗುಚಿದ್ದು.

"ಇದರಲ್ಲಿ ಒಬ್ರೂ ಕೂತಿಲ್ಲ ಕಣೆ. ಎಲ್ಲಾ ಕಾಫಿ ಲೋಟ ಹಿಡ್ಕೊಂಡು ನಿಂತವ್ರೇ."

"ಮುದುಕರೂ ಇಲ್ಲ," ಎಂದೆ.

"ನೀನು ಶ್ಯಾವಿಗೆ ನೋಡ್ಕೋ."

ಹಾಗೆಂದವಳು ಥಟ್ಟನೆ ತಲೆಯೆತ್ತಿ ಕೋಣೆಯ ಸುತ್ತ ನೋಡಿದಳು. ಸಿರ್ಗಾಕನ ಹೆಂಡತಿಯನ್ನು ಕೇಳಿದಳು: "ನೂರ್ಜಾತ್, ನಿಮ್ಮ ರಜಾಯಿಗಳೆಲ್ಲಿ?"

"ಕೊಟ್ಟಿಗೇಲಿ, ಅಕ್ಕ. ಪತ್ರಿಕೆ ಚಿತ್ರದಲ್ಲಿ ಇರ್ಲಿಲ್ವಲ್ಲ, ಅದಕ್ಕೆ ಅಲ್ಲಿಟ್ಟೆ."

"ಚಿತ್ರದೋರಿಗೆ ಬೀಗರು ಬರಲ್ಲ. ತರಿಸು."

ನಮ್ಮಲ್ಲಿ ಯಾವ ಮನೆಯಲ್ಲೂ ತೋರ್‌ನ ಹಿಂದೆ ರಜಾಯಿಗಳನ್ನು ಪೇರಿಸಿಟ್ಟಿರುತ್ತಾರೆ. ಅವುಗಳ ಜೊತೆ ಬಂದ ಬಣ್ಣದ ಪೆಟ್ಟಿಗೆಯನ್ನು ಒಳಬರುವ ಬಾಗಿಲಿಗೆ ಎದುರಾಗಿ, ಗಾಜಿಗೆ ಒತ್ತಿ ಇಟ್ಟೆವು. ಅದರ ಮೇಲೆ ರಜಾಯಿಗಳನ್ನು ಸೂರು ಮುಟ್ಟುವ ತನಕ ಪೇರಿಸಿದೆವು. ಅತ್ತಲಿನ ಗಾಜಿನ ಬಾಗಿಲು ಮಾಯವಾಯಿತು. ಮನೆಗೆ ಬೆನ್ನು ಬಂದಂತಾಯಿತು.

ಹುಡುಗನ ತಾತ ಅಸನಾಲಿ ಬೂಟು ಕಳಚಿ ಒಳಗೆ ಬಂದು ನಿಂತ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಆಮೇಲೆ ರಜಾಯಿಗಳನ್ನು ಕಂಡು, ನೆಟ್ಟಗೆ ನಡೆದು ಹೋಗಿ, ಅವಕ್ಕೆ ಒರಗಿ ಕಾಲು ಮಡಚಿ ಕೂತ. ಸಿರ್ಗಾಕ್ ಗೋಡೆ ಹಿಡಿಯಲು ಕೈ ಚಾಚಿದ. ಪಾಪ, ಗೋಡೆಯಿರಲಿಲ್ಲ, ಗಾಜು ಸಿಕ್ಕಿತು.

ಮುದುಕನ ಎಡಕ್ಕೆ ಹಿಮದ ಬೆಟ್ಟಗಳಷ್ಟೂ ಕಾಣುತ್ತಿದ್ದವು. "ನಮ್ಮನೇಲಿ ಈ ಜಾಗದಲ್ಲಿ ಕೂತು ಇಷ್ಟು ವರ್ಷ ನಾನು ನೋಡಿದ್ದು ಬರೀ ಬಾಗಿಲಲ್ಲಿ ಬಿಟ್ಟ ಬೂಟು," ಎಂದ. "ಟೀ ಕೊಡ್ರಮ್ಮ."

ಟೀ ಮುಗಿಯುವಷ್ಟರಲ್ಲಿ ಹುಡುಗನ ತಾಯಿ ಹುಡುಗಿಯ ಕಿವಿಗೆ ಓಲೆ ಹಾಕಿದಳು. ಅಲ್ಲಿಗೆ ಸಂಬಂಧ ಗಟ್ಟಿಯಾಯಿತು. ನನ್ನ ಶ್ಯಾವಿಗೆಗೆ ಹುಳಿ ಜಾಸ್ತಿ ಎಂದು ಸದಾ ಮೂಗು ಮುರಿಯುವ ಬುರುಲ್ ಅಡುಗೆಮೂಲೆಯಲ್ಲಿ ಕುಸಿದು ಕೂತು, ಬಟ್ಟಲು ಖಾಲಿ ಮಾಡಿ ಮತ್ತೆ ಬಡಿಸಿಕೊಂಡಳು.

"ಆ ಪತ್ರಿಕೆಯಮ್ಮ ಎಲ್ಲಿ?" ಎಂದು, ಸಿರ್ಗಾಕನಿಂದ ಮನೆಯ ಕತೆ ಕೇಳಿದ್ದ ಮುದುಕ ಕೂಗಿದ. "ನನ್ನ ಕಿರಿಮಗನೂ ಮನೆ ಕಟ್ತಾನಂತೆ. ಅವನಿಗೆ ಯಾವ್ದು ಓದಿಸ್ಲಿ?"

ಬುರುಲ್ ಬಾಯಿ ಒರೆಸಿಕೊಂಡು ಹತ್ತಿರ ಬಂದಳು.

"ಮೊದಲು ಇದು ಹೇಳಿ ತಾತ, ಅವರ ಮನೇಲಿ ರಜಾಯಿ ಎಷ್ಟಿವೆ?"