ಉಳಿದರ್ಧ ವಾಕ್ಯ

"ಅದನ್ನು ಓದಬೇಡಿ ಸರ್," ಎಂದು ಲೈಬ್ರರಿಯಾಕೆ ವಿಭಾಗದ ಮುಖ್ಯಸ್ಥರ ಕೈಯಲ್ಲಿದ್ದ ಹಾಳೆಯ ತುದಿ ಹಿಡಿದುಕೊಂಡಳು. ನಡುಮನೆಯಲ್ಲಿ ಅದೇ ವಿಭಾಗದ ಪ್ರೊಫೆಸರ್ ಮೇಡಂ ದೇಹವಿತ್ತು. ಹೊರಗೆ ವ್ಯಾನು ಬಂದು ನಿಂತಿತ್ತು.

ಮುಖ್ಯಸ್ಥರಿಗೆ ಕಸಿವಿಸಿಯಾಯಿತು. ಮೇಡಂ ಆಯುಷ್ಯವೆಲ್ಲ ಸವೆಸಿದ್ದು ವಯಸ್ಸಾದವರ ಓಡಾಟದ ಸಂಶೋಧನೆಗೆ. ಯಾರ ಸಂಶೋಧನೆ ಯಾವ ಸರ್ಕಾರಿ ನೀತಿಯಲ್ಲಿ ಉಲ್ಲೇಖವಾಗಿದೆ ಎಂದು ಹುಡುಕಿಕೊಡುವುದು ಲೈಬ್ರರಿಯಾಕೆಯ ಕೆಲಸ. ಕಣ್ಣು ಉರಿಯುವಷ್ಟು ಜಾಲಾಡಿದರೂ ಮೇಡಂ ಹೆಸರು ಸಿಕ್ಕಿದ್ದು ಒಂದೇ ಕಡೆ, ಸಾರಿಗೆ ನೀತಿಯ ಅಡಿಟಿಪ್ಪಣಿಯಲ್ಲಿ. ಅದನ್ನೂ ಓದದಿದ್ದರೆ ಶ್ರದ್ಧಾಂಜಲಿಯಲ್ಲಿ ಹೇಳುವುದಾದರೂ ಏನು, ಒಳ್ಳೆಯವರಾಗಿದ್ದರು ಎಂದೇ? ಅದನ್ನು ಎಲ್ಲರ ಸಾವಿನಲ್ಲೂ ಹೇಳುತ್ತಾರೆ ಎಂದು ಅವರು ಗೊಣಗಿದರು.

* * *

ಆ ಟಿಪ್ಪಣಿ ಸಿಕ್ಕ ದಿನ ಲೈಬ್ರರಿಯಾಕೆ ಓಡೋಡಿ ಹೋಗಿ ಮೇಡಂಗೆ ತೋರಿಸಿದ್ದಳು. ಅವರು ಕನ್ನಡಕ ಏರಿಸಿ ಓದಿದರು, ಮತ್ತೆ ಓದಿದರು. 'ವಯಸ್ಸಾದವರು ದೂರದ ಬಸ್ ನಿಲ್ದಾಣಕ್ಕೂ ನಡೆದು ಹೋಗುತ್ತಾರೆ' ಎಂದು ನೀತಿ ಅವರ ಹೆಸರಿನಲ್ಲಿ ಹೇಳಿತ್ತು. ಮೇಡಂ ಬರೆದ ವಾಕ್ಯ ಅಲ್ಲಿಗೆ ಮುಗಿದಿರಲಿಲ್ಲ. 'ಆದರೆ ಸ್ವಲ್ಪ ಕಾಲ ಮಾತ್ರ, ಆಮೇಲೆ ಮನೆಯಿಂದ ಹೊರಡುವುದನ್ನೇ ಬಿಡುತ್ತಾರೆ' ಎಂಬುದು ಉಳಿದರ್ಧ. ಅವರು ಕಂಡುಕೊಂಡಿದ್ದೇ ಅದನ್ನು. ಆ ಅರ್ಧವನ್ನು ನುಂಗಿ ನೀರು ಕುಡಿದವರು ಊರಿನ ಎಷ್ಟೋ ಬಸ್ ಸ್ಟಾಪುಗಳನ್ನು ಆಗಲೇ ಕಿತ್ತಿದ್ದರು. ಮೇಡಂ ಮನೆಯ ಮುಂದಿನದೂ ಹೋಗಿತ್ತು.

"ಅಂತೂ ಯಾರೋ ಓದಿದ್ರಲ್ಲ ಬಿಡು," ಎಂದು ಮೇಡಂ ನಕ್ಕಿದ್ದರು. ಆಮೇಲೆ ತಿದ್ದಿ ಎಂದು ಸರ್ಕಾರಕ್ಕೆ ಎಷ್ಟೋ ಸಲ ಬರೆದರು, ಉತ್ತರ ಬರಲಿಲ್ಲ. ತಮ್ಮ ಗಂಡನನ್ನು ಭಾವ ಎಂದು ಕರೆಯುತ್ತಿದ್ದ ಲೈಬ್ರರಿಯಾಕೆಗೆ ಅಂದೇ ಹೇಳಿದ್ದರು: "ನಿನ್ನ ಭಾವಂಗೆ ಮಾತ್ರ ಹೇಳ್ಬೇಡ. ಸ್ಟಾಪು ಕಿತ್ತವರಿಗೆ ದಿನಾ ಶಾಪ ಹಾಕ್ತಾರೆ. ಹೆಂಡ್ತಿ ಹೆಸರು ಹೇಳಿ ಕಿತ್ರು ಅಂತ ಗೊತ್ತಾದ್ರೆ, ಪಾಪ, ಬೈಯೋಕೂ ಯಾರೂ ಇಲ್ಲದ ಹಾಗಾಗುತ್ತೆ."

* * *

"ಏನು ತಂಗಿ ಅದು? ಸರ್ಕಾರದ ಪುಸ್ತಕದಲ್ಲಿ ಅವಳ ಹೆಸರು ಬಂದಿದೆಯಂತೆ?" ಮೇಡಂ ಗಂಡ ಬಾಗಿಲಿಗೆ ಬಂದು ನಿಂತಿದ್ದರು. ಬೆಳಗಿನಿಂದ ಮೊದಲ ಸಲ ಅವರ ಮುಖ ಅರಳಿತ್ತು. ಹೌದು ಭಾವ ಎಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಆ ಸುಳ್ಳನ್ನು ಮೇಡಂ ಎದುರಿಗೇ ಓದಿಸುವುದು ಲೈಬ್ರರಿಯಾಕೆಯಿಂದಾಗಲಿಲ್ಲ. ಎಲ್ಲವನ್ನೂ ಹೇಳಿದಳು.

ಅವರು ಅಲ್ಲೇ ಮೆಟ್ಟಿಲ ಮೇಲೆ ಕುಳಿತರು.

"ನಾನು ಬೈದಾಗೆಲ್ಲ ತಲೆ ತಗ್ಗಿಸಿ ಕೂತಿರ್ತಿದ್ದಳು. ದಣಿವು ಅಂದ್ಕೊಂಡಿದ್ದೆ."

ಡ್ರೈವರು ಹೊತ್ತಾಯಿತೆಂದು ಒಮ್ಮೆ ಇಣುಕಿ ಹೋದ. ಕಡೆಗೆ ಗಂಡ ಮುಖ್ಯಸ್ಥರತ್ತ ತಿರುಗಿ, "ಓದಿ ಸರ್. ಅವಳು ಬರೆದದ್ದನ್ನ ಪೂರ್ತಿ ಓದಿ," ಎಂದರು.

ಲೈಬ್ರರಿಯಾಕೆ ಹಾಳೆಯಲ್ಲಿ ಉಳಿದರ್ಧವನ್ನು ಬರೆದುಕೊಟ್ಟಳು, ಮುಖ್ಯಸ್ಥರು ಪೂರ್ತಿ ಓದಿದರು. ದೂರದ ಸ್ಟಾಪಿನಿಂದ ನಡೆದು ಬಂದು ಸುಸ್ತಾಗಿ ಗೋಡೆಗೊರಗಿದ್ದವರಲ್ಲಿ ಎಷ್ಟು ಜನ ಕೇಳಿಸಿಕೊಂಡರೋ, ಗಂಡ ಮಾತ್ರ ಪ್ರತಿ ಮಾತಿಗೂ ತಲೆಯಾಡಿಸಿದರು.

ವ್ಯಾನು ಹೊರಟಿತು. ಗಂಡ ಡ್ರೈವರನ ಪಕ್ಕ ಕುಳಿತಿದ್ದರು. ಅರ್ಧ ದಾರಿಯಲ್ಲಿ ಯಾರದೋ ಕಾಂಪೌಂಡಿನ ಮೋಟು ಗೋಡೆಯ ಮೇಲೆ ಮೂವರು ಮುದುಕಿಯರು ಕುಳಿತಿದ್ದರು. ಮೇಡಂ ಗೆಳತಿಯರು, ಮುಖ ನೋಡಲೆಂದು ನಡೆದು ಹೊರಟು ಅಲ್ಲಿಗೇ ಸೋತಿದ್ದರು. ಒಬ್ಬಾಕೆ ಚಪ್ಪಲಿ ಕಳಚಿ ಪಾದ ನೀವಿಕೊಳ್ಳುತ್ತಿದ್ದರು. ವ್ಯಾನನ್ನು ಕಂಡು ಏಳಲು ನೋಡಿದರು.

"ನಿಲ್ಲಿಸಪ್ಪಾ," ಎಂದರು ಗಂಡ.

ಇಂಥ ಗಾಡಿಯನ್ನು ನಡುದಾರಿಯಲ್ಲಿ ನಿಲ್ಲಿಸಬಾರದು ಎಂದು ಡ್ರೈವರು ರಾಗ ಎಳೆದ. ಅಷ್ಟರಲ್ಲಿ ಅವರು ಬಾಗಿಲು ತೆಗೆದಿದ್ದರು. ಕೆಳಗಿಳಿದು ಹಿಂಬದಿಯ ಬಾಗಿಲನ್ನೂ ತೆಗೆದು, ಒಬ್ಬೊಬ್ಬರ ಮೊಣಕೈ ಹಿಡಿದು ನಿಧಾನವಾಗಿ ಹೆಂಡತಿಯ ಪಕ್ಕಕ್ಕೆ ಹತ್ತಿಸಿದರು. ಹಿಂದೆ ಬರುತ್ತಿದ್ದ ಬಸ್ಸು ಕಾಯುತ್ತ ನಿಂತಿತು.